ಗೆಲುವಿನ ನಡೆಯ ನಂತರ ಬರುವ ಅಳಲು

ಪ್ರಶ್ನೆ: ಸೇನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ ನನಗೆ ರಷ್ಯಾದ ಸಂಗೀತ ರಚನಕಾರ ಚೈಕೋವ್‌ಸ್ಕಿಯವರ ಆರನೆಯ ಸಿಂಫನಿ (ನಾಲ್ಕು ಭಾಗಗಳ ದೊಡ್ಡ ವಾದ್ಯವೃಂದ ಕೃತಿ) ‘ಪಥೆಟಿಕ್’ ಬಹಳ ಪ್ರಿಯ. ಅದು ಅವರು ಸಾವನ್ನು ಮೊದಲೇ ಅರಿತು ತಮಗಾಗಿಯೇ ಬರೆದುಕೊಂಡ ಚರಮಗೀತೆ ಎನ್ನುತ್ತಾರೆ, ಇದು ನಿಜವೇ? ಅಬ್ಬರದ ಮೂರನೆಯ ಭಾಗಕ್ಕೇ ಮುಗಿಸಬಹುದಾಗಿದ್ದ ಕೃತಿಯನ್ನು ಅಷ್ಟು ಕುಗ್ಗಿದ ದನಿಯಲ್ಲಿ ಮುಗಿಸಿದ್ದೇಕೆ?
– ನಿವೃತ್ತ ಯೋಧರು, ಸೋಮವಾರಪೇಟೆ

ಉತ್ತರ: ಈ ಕಥೆ ಹುಟ್ಟಲು ಕಾರಣ ದಿನಾಂಕಗಳು. 1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಚೈಕೋವ್‌ಸ್ಕಿಯವರೇ ವಾದ್ಯವೃಂದವನ್ನು ಮುನ್ನಡೆಸಿ ಇದನ್ನು ಮೊದಲ ಬಾರಿಗೆ ಕೇಳಿಸಿದರು. ನವೆಂಬರ್ 6ರಂದು ತೀರಿಕೊಂಡರು. ಕಾಲರಾ ಎಂದು ವೈದ್ಯರು ಹೇಳಿದರು. ಆದರೆ ಆ ವರ್ಷದ ಫೆಬ್ರವರಿಯಲ್ಲಿಯೇ ಅವರು ಸೋದರಳಿಯ ವ್ಲಾದಿಮಿರ್ ದವೀದೊವ್‌ಗೆ ಪತ್ರ ಬರೆದು, ಪ್ರಯಾಣದಲ್ಲಿ ಈ ಕೃತಿಯನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದಾಗ ಎಷ್ಟೋ ಬಾರಿ ಅತ್ತುದಾಗಿಯೂ, ಇದರ ಕೊನೆಯ ಭಾಗ ಗದ್ದಲದ್ದಾಗಿರದೆ ದೀರ್ಘವಾದ ನಿಧಾನಗತಿಯದಾಗಿರುವುದೆಂದೂ ತಿಳಿಸಿದ್ದರು. ಕೃತಿಯನ್ನು ಅರ್ಪಿಸಿದ್ದೂ ಆ ಸೋದರಳಿಯನಿಗೇ. ಆದ್ದರಿಂದ ಈ ಮುಕ್ತಾಯವನ್ನು ಮೊದಲಿನಿಂದಲೇ ಯೋಚಿಸಿದ ವಿನ್ಯಾಸವೆಂದು ತಿಳಿಯುವುದು ಸರಿ. ಮರಣದ ಮುನ್ಸೂಚನೆ ಎಂಬ ಮಾತನ್ನು ನಾನು ಒಪ್ಪಲಾರೆ.

ಆ ವಿನ್ಯಾಸದಲ್ಲಿಯೇ ಇದರ ಶಕ್ತಿಯಿದೆ. ಮೊದಲ ಭಾಗದ ನಡುವೆ ನಿಮ್ಮ ಕ್ಲಾರಿನೆಟ್ ಕರಗುತ್ತ ಇಳಿದು, ಕೊನೆಯ ಸ್ವರಗಳನ್ನು ತಗ್ಗುದನಿಯ ಊದುವಾದ್ಯವಾದ ಬಸೂನಿಗೆ ಒಪ್ಪಿಸುತ್ತದೆ; ಅಲ್ಲಿ ಚೈಕೋವ್‌ಸ್ಕಿ ಮೆಲುದನಿಯ ಗುರುತಾದ ‘ಪಿ’ ಅಕ್ಷರವನ್ನು ಆರು ಬಾರಿ ಬರೆದಿದ್ದಾರೆ. (ಅಷ್ಟು ಮೆಲ್ಲಗೆ ಬಸೂನ್ ನುಡಿಸುವುದು ಕಷ್ಟವೆಂದು ಅನೇಕ ನಿರ್ದೇಶಕರು ಆ ಸ್ವರಗಳನ್ನು ಬಾಸ್ ಕ್ಲಾರಿನೆಟ್‌ಗೆ ಕೊಡುತ್ತಾರೆ.) ಮರುಕ್ಷಣವೇ ಇಡೀ ವೃಂದ ಸಿಡಿದೇಳುತ್ತದೆ. ಎರಡನೆಯ ಭಾಗ ನಮ್ಮ ಖಂಡ ಚಾಪಿನಂತೆ ಎರಡು-ಮೂರರ ಐದು ಎಣಿಕೆಯಲ್ಲಿ ಸಾಗುವ ವಿಲಕ್ಷಣವಾದ ವಾಲ್ಟ್ಸ್ (ಸಾಮಾನ್ಯವಾಗಿ ಮೂರೆಣಿಕೆಯ ನೃತ್ಯ). ಮೂರನೆಯದು ನಿಮಗೆ ಚೆನ್ನಾಗಿ ಗೊತ್ತಿರುವ ಮಾರ್ಚ್. ಅದು ಎಷ್ಟು ಪೂರ್ಣವಾಗಿ ಮುಗಿಯುತ್ತದೆಂದರೆ ಸಭೆ ಇಂದಿಗೂ ಅಲ್ಲಿ ಚಪ್ಪಾಳೆ ತಟ್ಟುವುದುಂಟು. ಆ ಗೆಲುವು ಕಿವಿಯಲ್ಲಿ ಇನ್ನೂ ಮೊಳಗುತ್ತಿರುವಾಗಲೇ ಬರುವುದರಿಂದ ಕೊನೆಯ ಭಾಗದ ದುಃಖ ಇಮ್ಮಡಿಸುತ್ತದೆ.

ಆ ಕೊನೆಯ ಭಾಗದ ಆರಂಭದ ರಾಗವನ್ನು ಯಾವ ಪಿಟೀಲೂ ಒಂಟಿಯಾಗಿ ನುಡಿಸುವುದಿಲ್ಲ. ಮೊದಲ ಪಿಟೀಲುಗಳು ಒಂದು ಸ್ವರ, ಎರಡನೆಯವು ಮುಂದಿನ ಸ್ವರ ಎಂಬಂತೆ ಹಂಚಿ ಬರೆದಿರುವುದರಿಂದ ರಾಗ ಕೂಡಿಕೊಳ್ಳುವುದು ಕೇಳುಗನ ಕಿವಿಯಲ್ಲಿ. ಕೊಡವರ ಮನೆಯಲ್ಲಿ ಸಾವಾದರೆ ಕೋವಿಯ ಗುಂಡು ಊರಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಇಲ್ಲಿ ಕೇಳಿಬರುವುದು ಜಾಗಟೆಯ ಜಾತಿಯ ಟ್ಯಾಮ್‌ಟ್ಯಾಮ್‌ನ ಒಂದೇ ಒಂದು ಮೆಲುಪೆಟ್ಟು. ಆಮೇಲೆ ಹಿತ್ತಾಳೆಯ ಊದುವಾದ್ಯಗಳಾದ ಟ್ರಾಂಬೋನ್‌ಗಳು ತಗ್ಗಿದ ದನಿಯಲ್ಲಿ ನುಡಿದು, ತಗ್ಗುದನಿಯ ತಂತಿವಾದ್ಯಗಳಾದ ಚೆಲ್ಲೊ ಮತ್ತು ಡಬಲ್ ಬಾಸ್‌ಗಳು ಆರಿಹೋಗುತ್ತವೆ.

ಮೊದಲ ಪ್ರದರ್ಶನದ ಶ್ರೋತೃಗಳು ಗಲಿಬಿಲಿಗೊಂಡಿದ್ದರೆ ಆಶ್ಚರ್ಯವಿಲ್ಲ. ನವೆಂಬರ್ 18ರಂದು ನಾಪ್ರಾವ್ನಿಕ್ ಎಂಬ ವಾದ್ಯವೃಂದ ನಿರ್ದೇಶಕರ ಮುಂದಾಳ್ತನದಲ್ಲಿ ಮತ್ತೆ ಕೇಳುವ ಹೊತ್ತಿಗೆ ಚೈಕೋವ್‌ಸ್ಕಿ ಇರಲಿಲ್ಲ. ಚರಮಗೀತೆಯ ಕಥೆ ಬಲಗೊಂಡದ್ದು ಆಮೇಲೆಯೇ. ಮುಂದಿನ ಬಾರಿ ಎರಡು ಪಿಟೀಲು ಗುಂಪುಗಳು ವೇದಿಕೆಯ ಎಡಬಲಗಳಲ್ಲಿ ಕುಳಿತು ನುಡಿಸಿರುವ ಧ್ವನಿಮುದ್ರಣವನ್ನು ಹುಡುಕಿ ಕೇಳಿರಿ. ಹೆಡ್‌ಫೋನ್ ಇದ್ದರೆ ಸ್ವರಗಳು ಅತ್ತಿಂದಿತ್ತ ಹಾಯುವುದು ಸ್ಪಷ್ಟವಾಗಿ ತಿಳಿಯುತ್ತದೆ.