ಯಾರು ಹೇಳಿದ್ದು ಅಂತ ಪಕ್ಕದಲ್ಲಿ ಬರಿ

(ಹೆಸರು, ಗುರುತು ಬದಲಿಸಿದ್ದೇನೆ.)

ಮೇಘನಾಗೆ ಹದಿನೆಂಟು. ಹುಟ್ಟಿ ಬೆಳೆದಿದ್ದು ಅಮೆರಿಕದಲ್ಲೇ, ಅಪ್ಪ ಅಮ್ಮ ಹಾಸನದ ಕಡೆಯವರು. ದಕ್ಷಿಣದ ರಾಜ್ಯವೊಂದರ ಯೂನಿವರ್ಸಿಟಿಗೆ ಸೇರಿ, ಆಗಸ್ಟ್‌ನಲ್ಲಿ ಸೊರಾರಿಟಿ ರಿಕ್ರೂಟ್‌ಮೆಂಟ್‌ಗೆ ಹೆಸರು ಕೊಟ್ಟಿದ್ದಳು. ಎರಡನೇ ಸುತ್ತು ಮುಗಿದ ರಾತ್ರಿ ಅವಳ ಅಮ್ಮ ನನಗೆ ಫೋನ್ ಮಾಡಿದರು. "ಸರಿಯಾಗಿ ಊಟಾನೇ ಮಾಡ್ತಿಲ್ಲ ಮೇಡಂ. ಯಾವುದೋ ಟಾಪ್ ಹೌಸ್ ಕೈಬಿಟ್ಟಿತಂತೆ."

ಸೊರಾರಿಟಿ ಅಂದರೆ ಕಾಲೇಜು ಹುಡುಗಿಯರ ಸಂಘ. ಹಲವು ಕಡೆ ಅವಕ್ಕೆ ಸ್ವಂತ ಮನೆಯೂ ಇರುತ್ತದೆ, ಅದಕ್ಕೇ ಸಂಘವನ್ನೇ ಹೌಸ್, ಮನೆ ಅಂತಾರೆ. ಸೇರಬೇಕೆನ್ನುವವರು ಸುತ್ತು ಸುತ್ತಾಗಿ ಈ ಮನೆಗಳಿಗೆ ಹೋಗಿ ಮಾತಾಡುತ್ತಾರೆ. ಪ್ರತಿ ಸುತ್ತಿನ ಕೊನೆಗೆ ಇವರೂ ಆರಿಸುತ್ತಾರೆ, ಅವರೂ ಆರಿಸುತ್ತಾರೆ.

ವಿಡಿಯೋ ಕಾಲ್‌ನಲ್ಲಿ ಮೇಘನಾ ತನ್ನ ಫೋನಿನ ನೋಟ್ಸ್ ಓದಿದಳು. ಒಂದು ಮನೆ "ದುಡ್ಡಿನವರು". ಒಂದು "ಪಾರ್ಟಿ ಗ್ಯಾಂಗ್". ಒಂದು "ಬರೀ ಓದೋರು, ಬಾಟಮ್". ಇನ್ನೊಂದರ ಮುಂದೆ "ಇಂಡಿಯನ್ಸ್‌ನ ತಗೊಳ್ಳಲ್ಲ". ಯಾರು ಹೇಳಿದ್ದು ಅಂತ ಪಕ್ಕದಲ್ಲಿ ಬರಿ ಅಂದೆ. ಬರೆದಳು: ಬಿಸಿಲಲ್ಲಿ ಸಾಲಿನಲ್ಲಿ ಹಿಂದೆ ನಿಂತಿದ್ದವಳು. ರೂಮ್‌ಮೇಟ್. ರೂಮ್‌ಮೇಟ್ ಅಕ್ಕನ ಫ್ರೆಂಡ್. ಟಿಕ್‌ಟಾಕ್. ಆ ಮನೆಗಳಲ್ಲಿ ಒಂದು ವರ್ಷ ಕಳೆದವರು ಒಬ್ಬರೂ ಇಲ್ಲ!

ಒಂದೊಂದು ಮನೆಯಲ್ಲಿ ನೂರಾರು ಸದಸ್ಯೆಯರು ಇರಬಹುದು. ಅರ್ಧ ಗಂಟೆಯೊಳಗೆ ಇವಳ ಜೊತೆ ಮಾತಾಡುವವರು ಇಬ್ಬರೋ ಮೂವರೋ. ಮಿಕ್ಕಿದ್ದನ್ನು ಗಾಳಿಮಾತು ತುಂಬುತ್ತದೆ. ಸೇರಬಂದ ಹುಡುಗಿಯರ ಗುಂಪಿನ ಜೊತೆಗಿರುವ ಸೀನಿಯರ್ ಮಾರ್ಗದರ್ಶಕಿಗೆ ಹಲವು ಕಡೆ ರೋ ಗ್ಯಾಮಾ ಅಂತಾರೆ. ತಾನು ಯಾವ ಮನೆಯವಳು ಅಂತ ಅವಳು ಸಾಮಾನ್ಯವಾಗಿ ಹೇಳುವಂತಿಲ್ಲ. ಹೀಗೆ ಗೊತ್ತಿರುವವಳು ಸುಮ್ಮನಿರುತ್ತಾಳೆ, ಗೊತ್ತಿಲ್ಲದವರು ಜಾಸ್ತಿ ಮಾತಾಡುತ್ತಾರೆ. "ಬಾಟಮ್" ಅನ್ನಿಸಿಕೊಂಡ ಮನೆಯನ್ನು ಎಲ್ಲರೂ ಪಟ್ಟಿಯ ಕೆಳಗೆ ಹಾಕುತ್ತಾರೆ. ಅಲ್ಲಿಗೆ ಸೇರುವವರು ಕಡಿಮೆಯಾಗುತ್ತಾರೆ. ಮುಂದಿನ ವರ್ಷ ಅದನ್ನೇ ತೋರಿಸಿ, ನೋಡು ನಾವು ಹೇಳಿರಲಿಲ್ವಾ ಅಂತಾರೆ.

ಇಂಡಿಯನ್ಸ್ ವಿಷಯವನ್ನು ಮಾತ್ರ ನಾನು ತಳ್ಳಿಹಾಕಲಿಲ್ಲ. 2013ರಲ್ಲಿ ಅಲಬಾಮಾ ಯೂನಿವರ್ಸಿಟಿಯ ವಿದ್ಯಾರ್ಥಿ ಪತ್ರಿಕೆ 'ದಿ ಕ್ರಿಮ್ಸನ್ ವೈಟ್' ಇಂಥದ್ದನ್ನೇ ಬಯಲಿಗೆ ತಂದಿತ್ತು. ಅಲ್ಲಿ ಕಪ್ಪು ಹುಡುಗಿಯರನ್ನು ಬಣ್ಣದ ಕಾರಣಕ್ಕೆ ಕೈಬಿಡಲಾಗಿತ್ತು. ಒಳಗಿದ್ದ ಹುಡುಗಿಯರೇ ಹಳೆಯ ಸದಸ್ಯೆಯರ ಕಡೆಗೆ ಬೆರಳು ತೋರಿಸಿದ್ದರು. ಅದಕ್ಕೇ ಮೇಘನಾಗೆ ಹೇಳಿದೆ: ಇದನ್ನು ಆ ಮನೆಯಲ್ಲೇ ನೇರವಾಗಿ ಕೇಳು. ಉತ್ತರ ಕೊಡುವಾಗ ಮುಖ ನೋಡು.

ಉಳಿದ ಮನೆಗಳಲ್ಲಿ ಕೇಳೋದಕ್ಕೂ ಪ್ರಶ್ನೆ ಕೊಟ್ಟೆ. ವರ್ಷಕ್ಕೆ ಫೀಸ್ ಎಷ್ಟು? ವಾರಕ್ಕೆ ಎಷ್ಟು ಹೊತ್ತು ಕೊಡಬೇಕು? ಹೋದ ಸಲ ನಿನಗೆ ಜ್ವರ ಬಂದಾಗ ಇವರಲ್ಲಿ ಯಾರು ಬಂದರು? ಕೊನೆಯದಕ್ಕೆ ಬಾಯಿಪಾಠದ ಉತ್ತರ ಇರಲ್ಲ.

ಕೊನೆಯ ಸುತ್ತಾದ ಮೇಲೆ, ಬೇಕಾದ ಮನೆಗಳ ಹೆಸರು ಬರೆದು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಅದು ಹುಡುಗಾಟವಲ್ಲ. ಅದರಲ್ಲಿ ಬರೆದ ಮನೆ ಕರೆದಾಗ ಒಲ್ಲೆ ಅಂದರೆ, ಮುಂದಿನ ವರ್ಷದ ರಿಕ್ರೂಟ್‌ಮೆಂಟ್‌ವರೆಗೆ ಆ ಕ್ಯಾಂಪಸ್ಸಿನಲ್ಲಿ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಅನ್ನೋ ಸೊರಾರಿಟಿಗಳ ಒಕ್ಕೂಟದ ಬೇರೆ ಯಾವ ಸೊರಾರಿಟಿಗೂ ಸೇರುವಂತಿಲ್ಲ. ಹೋಗೋಕೆ ಮನಸ್ಸಿಲ್ಲದ ಮನೆ ಬರೀಬೇಡ ಅಂದೆ. ಸಾಲಿನಲ್ಲಿ ಯಾರೋ ಮೂಗು ಮುರಿದರು ಅಂತ ಇಷ್ಟವಾದ ಮನೆ ಬಿಡಲೂಬೇಡ.

ಅಮ್ಮನಿಗೂ ಒಂದು ಮಾತು ಹೇಳಬೇಕಾಯಿತು. ಕನ್ನಡ ಕೂಟದ ವಾಟ್ಸಾಪ್ ಗ್ರೂಪಿನಲ್ಲಿ ಅವರು ಆಗಲೇ "ಯಾವ ಹೌಸ್ ಬೆಸ್ಟ್?" ಅಂತ ಕೇಳಿ, ಬಂದ ಉತ್ತರವನ್ನೆಲ್ಲ ಮಗಳಿಗೆ ಕಳಿಸುತ್ತಿದ್ದರು. ಅದನ್ನು ನಿಲ್ಲಿಸಿ ಅಂದೆ. ಫೀಸಿನ ವಿವರ ಮಾತ್ರ ತರಿಸಿಕೊಳ್ಳಿ.

ಮೇಘನಾ ಕೊನೆಗೆ ಎರಡು ಮನೆ ಬರೆದಳು. ಅದರಲ್ಲೊಂದು "ಬರೀ ಓದೋರು". ಯಾವುದು ಸಿಕ್ಕಿತು ಅಂತ ಇಲ್ಲಿ ಬರೆಯಲ್ಲ, ಗುರುತು ಸಿಕ್ಕಿಬಿಡುತ್ತೆ.