ಹಳೆಯ ಐಷಾರಾಮಿ ಸೆಡಾನ್: 3 ಲೀಟರ್ ಎಂಜಿನ್ನಿನ ಕಾರು 2 ಲೀಟರ್ ಎಂಜಿನ್ನಿನ ಕಾರಿಗಿಂತ ಅಗ್ಗಕ್ಕೆ ಸಿಗುವುದೇಕೆ? ಕೊಳ್ಳಬಹುದೇ?

ಕಾರಿನ ಬೆಲೆ ಇಳಿದರೂ ಅದನ್ನು ಸಾಕುವ ಖರ್ಚು ಇಳಿಯುವುದಿಲ್ಲ, ಅದಕ್ಕೇ. ರಿಪೇರಿಗೆ ಬೇರೆ ಹಣ ಎತ್ತಿಡಲು ಆಗದಿದ್ದರೆ 2 ಲೀಟರ್ ಕಾರೇ ವಾಸಿ.

ಹತ್ತು ವರ್ಷ ಹಳೆಯದಾದರೂ ಬಿಡಿಭಾಗಗಳಿಗೆ ಹೊಸ ಕಾರಿನ ದರವೇ. ಆರು ಸಿಲಿಂಡರಿನ 3 ಲೀಟರ್ ಡೀಸೆಲ್‌ಗೆ ಇಂಜೆಕ್ಟರ್ (ಇಂಧನ ಚಿಮ್ಮಿಸುವ ಭಾಗ) ನಾಲ್ಕಲ್ಲ, ಆರು. ಆಯಿಲ್ ಕೂಡ ಹೆಚ್ಚು ಹಿಡಿಯುತ್ತದೆ. ಇದಕ್ಕೆ ಹೆದರಿ ಗಿರಾಕಿಗಳು ಕಡಿಮೆಯಾಗುತ್ತಾರೆ, ಬೆಲೆ ಬೀಳುತ್ತದೆ. ಥರ್ಡ್ ಪಾರ್ಟಿ ವಿಮೆ ಮಾತ್ರ 1500 ಸಿಸಿ ಮೀರಿದ ಕಾರುಗಳಿಗೆಲ್ಲ ಒಂದೇ.

ಡಿಕ್ಕಿಯ ಮೇಲಿನ ಅಂಕಿ ನೋಡಿ ಎಂಜಿನ್ ಅಳೆಯಬೇಡಿ. 2019ರ ಬಿಎಂಡಬ್ಲ್ಯು 330ಐ ಇರುವುದು 1998 ಸಿಸಿ, 3 ಲೀಟರ್ ಅಲ್ಲ. ಆರ್‌ಸಿಯಲ್ಲಿ ಬರೆದಿರುವ ಸಿಸಿಯೇ ಲೆಕ್ಕ.

ಆದರೆ ಸಿಸಿಗಿಂತ ಮುಖ್ಯವಾದದ್ದು ಎಂಜಿನ್ ಯಾವುದು ಎಂಬುದು. 2012–15ರ ಸುಮಾರಿನ ಬಿಎಂಡಬ್ಲ್ಯು 320ಡಿಯ ಎನ್47 ಎಂಜಿನ್ 2 ಲೀಟರಿನದೇ, ಆದರೆ ಅದರ ಟೈಮಿಂಗ್ ಚೈನ್ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಸರಪಳಿ) ಎಂಜಿನ್ನಿನ ಹಿಂದೆ, ಗೇರ್‌ಬಾಕ್ಸ್ ಕಡೆಗಿದೆ. ಚೈನ್ ಸವೆದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಲೇಬೇಕು. ತುಂಡಾದರೆ ವಾಲ್ವ್‌ಗಳೂ ಹೋಗುತ್ತವೆ. ಹಾಗಾಗಿ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ ನೀವೇ ಸ್ಟಾರ್ಟ್ ಮಾಡಿ. ಎಂಜಿನ್ನಿನ ಹಿಂಬದಿಯಿಂದ ಸರಪಳಿ ಉಜ್ಜುವ ಕರಕರ ಸದ್ದು ಬಂದರೆ ಆ ಕಾರು ಬೇಡ. ನೀವು ಮುಟ್ಟುವ ಹೊತ್ತಿಗೇ ಬಾನೆಟ್ ಬೆಚ್ಚಗಿದ್ದರೆ ಇನ್ನೊಂದು ದಿನ ಹೋಗಿ, ಬಿಸಿ ಎಂಜಿನ್ ಈ ಸದ್ದನ್ನು ಮುಚ್ಚಿಬಿಡಬಹುದು.

ದೆಹಲಿ ನೋಂದಣಿಯ ಕಾರು ಬೆಂಗಳೂರಿಗೆ ತರುವುದಾದರೆ ಇಲ್ಲಿನ ಆಜೀವ ತೆರಿಗೆ ಸೇರಿಸಿದ ಮೇಲೆಯೇ ಬೆಲೆ ಹೋಲಿಸಿ.