ಬೈಗುಳ ಕಡತ ಸೇರಲ್ಲ, ಆಕ್ಷೇಪಣೆ ಸೇರುತ್ತೆ

ಶಿರಸಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ಆನ್‌ಲೈನ್ ಗುಂಪುಗಳಲ್ಲಿ ನಡೆಯುವ ಹೋರಾಟಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಹಾಕಿದ್ದ ಲೇಖನ ಅವರಿಗೆ ಹಿಡಿಸಿಲ್ಲ. "1983ರಲ್ಲಿ ಸಲ್ಕಣಿ ಊರಿನವರು ಕಾಡಿಗೆ ಹೋಗಿ ಮರ ಅಪ್ಪಿಕೊಂಡರು, ಕೊಡಲಿ ನಿಂತಿತು. ಈಗಿನವರು ಹಾಸಿಗೆ ಮೇಲೆ ಬಿದ್ದುಕೊಂಡು ಫೋನಿನಲ್ಲಿ ಸರ್ಕಾರಕ್ಕೆ ಬೈತಾರೆ. ಬೈದವರಿಗೆ ಸಮಾಧಾನ, ಬೈಸಿಕೊಂಡವರಿಗೆ ಗೊತ್ತೂ ಆಗೋದಿಲ್ಲ. ಇದನ್ನೂ ಹೋರಾಟ ಅನ್ನೋದು ನ್ಯಾಯವೇ?" ಅಂತ ಕೇಳಿದ್ದಾರೆ. ಅವರಿಗೆ ನನ್ನ ಉತ್ತರ ಇದು.

ಮಾಸ್ತರೇ, ನಮಸ್ಕಾರ.

ಬೈಗುಳದ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಒಂದು ಸಂಜೆ ಟ್ರೆಂಡ್ ಆಗಿ, ಮರುದಿನ ಯಾರಿಗೂ ನೆನಪಿಲ್ಲದ ಹಾಗೆ ಮುಗಿದುಹೋದ ಅಭಿಯಾನಗಳು ಬೇಕಾದಷ್ಟಿವೆ. ಆದರೆ ಎಲ್ಲವನ್ನೂ ಅದೇ ಲೆಕ್ಕಕ್ಕೆ ಸೇರಿಸಬೇಡಿ. 2020ರಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ನಿಮ್ಮ ಕಾಡಿಗೂ ಸಂಬಂಧಪಟ್ಟ ಸುದ್ದಿ.

ಆ ವರ್ಷ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತು. ಏಪ್ರಿಲ್ 11ಕ್ಕೆ ಕೇಂದ್ರದ ಪರಿಸರ ಸಚಿವಾಲಯ ಪರಿಸರ ಪರಿಣಾಮ ಮೌಲ್ಯಮಾಪನದ ಹೊಸ ಕರಡನ್ನು ಗೆಜೆಟ್‌ನಲ್ಲಿ ಹಾಕಿತು. ಅಣೆಕಟ್ಟು, ಗಣಿ, ಹೆದ್ದಾರಿ, ಕಾರ್ಖಾನೆ, ಯಾವುದೇ ದೊಡ್ಡ ಯೋಜನೆ ಬಂದರೂ ಅದರಿಂದ ನೆಲ, ನೀರು, ಜನಕ್ಕೆ ಏನಾಗುತ್ತೆ ಅಂತ ಮೊದಲೇ ನೋಡಿ ಅನುಮತಿ ಕೊಡಬೇಕು ಅನ್ನೋ ನಿಯಮ 2006ರದ್ದು. ಅದರ ಜಾಗಕ್ಕೆ ಇದು. ಆಕ್ಷೇಪಣೆ ಇದ್ದವರು 60 ದಿನದೊಳಗೆ ತಿಳಿಸಿ ಅಂದರು. ಆಗ ಬಸ್ಸಿಲ್ಲ, ಸಭೆ ಮಾಡುವ ಹಾಗಿಲ್ಲ, ಅಂಚೆಯೂ ಸರಿಯಾಗಿ ನಡೀತಿರಲಿಲ್ಲ. ನಾಲ್ಕು ಜನ ಕಟ್ಟೆ ಮೇಲೆ ಕೂತರೆ ಪೊಲೀಸರು ಬರುತ್ತಿದ್ದ ಕಾಲ ಅದು. ಬೀದಿಗಿಳಿಯಿರಿ ಅಂತ ನೀವು ಹೇಳುತ್ತೀರಿ, ಆದರೆ ಆಗ ಬೀದಿಯೇ ಮುಚ್ಚಿತ್ತು ಅಲ್ವಾ?

ಕರಡಿನಲ್ಲಿ ಏನಿತ್ತು ಅಂತ ನೋಡಿ. ಅನುಮತಿ ಇಲ್ಲದೇ ಶುರು ಮಾಡಿದ ಯೋಜನೆಗೆ ಆಮೇಲೆ ದಂಡ ಕಟ್ಟಿಸಿಕೊಂಡು ಅನುಮತಿ ಕೊಡೋದಕ್ಕೆ ದಾರಿ ಇತ್ತು. ನಿಯಮ ಮುರಿದದ್ದನ್ನು ಕಂಪನಿಯವರೇ ಹೇಳಬೇಕು, ಇಲ್ಲವೇ ಸರ್ಕಾರದ ಕಡೆಯವರು ಹೇಳಬೇಕು. ಪಕ್ಕದಲ್ಲೇ ಬದುಕುವ ಊರಿನವರು ದೂರು ಕೊಡೋದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಸಾರ್ವಜನಿಕ ಅಹವಾಲು ಸಭೆಗೆ ಮುಂಚೆ ಜನರಿಗೆ ಸಿಗುತ್ತಿದ್ದ 30 ದಿನ 20ಕ್ಕೆ ಇಳಿದಿತ್ತು. ಅಷ್ಟರಲ್ಲೇ ಮೇ 7ಕ್ಕೆ ವಿಶಾಖಪಟ್ಟಣದಲ್ಲಿ ವಿಷಾನಿಲ ಸೋರಿ ಜನ ಸತ್ತರು. ಆ ಕಾರ್ಖಾನೆ ಪರಿಸರ ಅನುಮತಿ ಇಲ್ಲದೇ ವರ್ಷಗಟ್ಟಲೆ ನಡೆದಿತ್ತು ಅನ್ನೋದು ಆಮೇಲೆ ಹೊರಬಂತು. ಕರಡಿನ ಆ ಕಲಂ ಏನು ಅನ್ನೋದು ಆಗ ಎಷ್ಟೋ ಜನರಿಗೆ ಅರ್ಥವಾಯಿತು.

ಫೋನಿನ ಹುಡುಗ ಹುಡುಗಿಯರು ಮಾಡಿದ್ದು ಈಗ ಹೇಳುತ್ತೇನೆ. ಕರಡನ್ನು ಕಲಂವಾರು ಹಂಚಿಕೊಂಡು ಓದಿದರು. ವಕೀಲಿ ಇಂಗ್ಲಿಷನ್ನು ಬಿಡಿಸಿ ಸಣ್ಣ ಸಣ್ಣ ಟಿಪ್ಪಣಿ ಮಾಡಿದರು, ಕನ್ನಡಕ್ಕೂ ತಂದರು. ಮೇಲ್ ಎಲ್ಲಿಗೆ ಕಳಿಸಬೇಕು, ಕೊನೇ ದಿನ ಯಾವುದು, ಯಾವ ಕಲಮಿಗೆ ಏನು ಬರೆಯಬಹುದು ಅಂತ ವಾಟ್ಸಾಪ್ ಗುಂಪಿನಿಂದ ಗುಂಪಿಗೆ ದಾಟಿಸಿದರು. ಆಗ ನಮ್ಮ ಕಚೇರಿಗೂ ಪ್ರತಿ ಕಳಿಸಿದವರಲ್ಲಿ ಸಿದ್ದಾಪುರ ಕಡೆಯ, ಬಿಎಸ್ಸಿ ಓದುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳ ಕಾಗದ ಅರ್ಧ ಪುಟ. ಒಂದೂ ಬೈಗುಳ ಇರಲಿಲ್ಲ. "ಯೋಜನೆ ವರದಿ ಇಂಗ್ಲಿಷಿನಲ್ಲಿ ನೂರಾರು ಪುಟ ಇರುತ್ತದೆ. ಮಳೆಗಾಲದಲ್ಲಿ ನಮ್ಮೂರಿಗೆ ವಾರಗಟ್ಟಲೆ ಕರೆಂಟು ಇರುವುದಿಲ್ಲ, ಹೊಳೆ ತುಂಬಿದರೆ ಪೇಟೆಗೆ ಹೋಗಲು ಆಗುವುದಿಲ್ಲ. 20 ದಿನದಲ್ಲಿ ಅದನ್ನು ತರಿಸಿ, ಓದಿಸಿಕೊಂಡು, ಊರಿನವರು ಚರ್ಚೆ ಮಾಡಿ ಉತ್ತರ ಬರೆಯುವುದು ಹೇಗೆ?" ಅಂತ ಕೇಳಿದ್ದಳು. ಕಲಮಿನ ಸಂಖ್ಯೆ, ತನ್ನ ಊರು, ತನ್ನ ಹೆಸರು, ಎಲ್ಲ ಸರಿಯಾಗಿ ಹಾಕಿದ್ದಳು. ಮಾಸ್ತರೇ, ನೀವು ಕಲಿಸಿದ ಮಕ್ಕಳಲ್ಲಿ ಒಬ್ಬರು ಹೀಗೆ ಬರೆದರೆ ನಿಮಗೆ ಹೆಮ್ಮೆ ಆಗಲ್ವಾ?

ಇಂಥ ಕಾಗದಗಳ ಸಂಖ್ಯೆ ಹತ್ತು ಲಕ್ಷ ದಾಟಿತು. ಬೈಸಿಕೊಂಡವರಿಗೆ ಗೊತ್ತೇ ಆಗೋದಿಲ್ಲ ಅಂತ ನೀವು ಬರೆದಿದ್ದೀರಿ. ಚೆನ್ನಾಗಿ ಗೊತ್ತಾಗಿತ್ತು. ಸಚಿವರ ಇನ್‌ಬಾಕ್ಸ್ ತುಂಬಿಹೋಯಿತು ಅನ್ನೋ ದೂರಿನ ಮೇಲೆ ಜುಲೈನಲ್ಲಿ ದೆಹಲಿ ಪೊಲೀಸರು ಫ್ರೈಡೇಸ್ ಫಾರ್ ಫ್ಯೂಚರ್ ಇಂಡಿಯಾ ಅನ್ನೋ ಯುವ ಪರಿಸರ ಹೋರಾಟಗಾರರ ಗುಂಪಿನ ಜಾಲತಾಣ ಮುಚ್ಚಿಸಿದರು. ಮೊದಲ ನೋಟಿಸಿನಲ್ಲಿ ಹಾಕಿದ್ದು ಭಯೋತ್ಪಾದಕರಿಗೆ ಹಾಕುವ ಯುಎಪಿಎ! ಆಮೇಲೆ ಅದು ತಪ್ಪಾಗಿ ಹೋಯಿತು ಅಂತ ವಾಪಸ್ ತಗೊಂಡರು, ತಾಣವೂ ಮತ್ತೆ ತೆರೆಯಿತು. ಸರ್ಕಾರವೇ ಕರೆದು ಅಭಿಪ್ರಾಯ ಕೇಳಿ, ಅಭಿಪ್ರಾಯ ಕಳಿಸಿದವರ ಮೇಲೆ ಅಂಥ ಕಾನೂನು ತೋರಿಸಿದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತೆ.

ಇನ್ನು ಕೋರ್ಟಿನ ವಿಷಯ. ಕರಡು ಇಂಗ್ಲಿಷ್, ಹಿಂದಿಯಲ್ಲಷ್ಟೇ ಇತ್ತು. ಜೂನ್ 30ಕ್ಕೆ ದೆಹಲಿ ಹೈಕೋರ್ಟ್ ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ತರಬೇಕು ಅಂತ ಹೇಳಿ ಗಡುವನ್ನು ಆಗಸ್ಟ್ 11ರವರೆಗೆ ಮುಂದೂಡಿತು. ಆಗಸ್ಟ್ 5ಕ್ಕೆ ನಮ್ಮ ಹೈಕೋರ್ಟ್, ನ್ಯಾಯಮೂರ್ತಿ ಅಭಯ್ ಓಕಾ ಮುಖ್ಯ ನ್ಯಾಯಮೂರ್ತಿ ಆಗಿದ್ದಾಗ, ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬೆಂಗಳೂರಿನ ಯುನೈಟೆಡ್ ಕನ್ಸರ್ವೇಷನ್ ಮೂವ್‌ಮೆಂಟ್‌ನವರ ಅರ್ಜಿ ಅದು. ಜನರಿಗೆ ಅವರ ಭಾಷೆಯಲ್ಲಿ ಸರಿಯಾಗಿ ತಲುಪಿಸದೇ ಅಭಿಪ್ರಾಯ ಕೇಳಿದರೆ ಏನು ಬಂತು ಅನ್ನೋದು ಅಲ್ಲಿನ ಪ್ರಶ್ನೆ. ಸದ್ಯಕ್ಕೆ ಅಂತಿಮ ಅಧಿಸೂಚನೆ ಹೊರಡಿಸುವ ಹಾಗಿಲ್ಲ ಅಂತ ಕೋರ್ಟು ತಡೆಯಿತು. ಆ ಕರಡು ಕೊನೆಗೂ ಅಂತಿಮ ಅಧಿಸೂಚನೆ ಆಗಲೇ ಇಲ್ಲ.

ಹಾಗಂತ ಗೆದ್ದೆವು ಅಂತ ಕುಣಿಯುವ ಹಾಗೂ ಇಲ್ಲ. ಮುಂಬಾಗಿಲಿನಿಂದ ಬರಲು ಆಗದ್ದು ಹಿಂಬಾಗಿಲಿನಿಂದ ಬಂತು. 2021ರ ಜುಲೈಯಲ್ಲಿ ಸಚಿವಾಲಯ ಒಂದು ಕಚೇರಿ ಜ್ಞಾಪನ, ಅಂದರೆ ಇಲಾಖೆಯ ಆಡಳಿತ ಸೂಚನೆ, ಹೊರಡಿಸಿ, ನಿಯಮ ಮುರಿದ ಯೋಜನೆಗಳನ್ನು ಸಕ್ರಮ ಮಾಡೋ ವಿಧಾನ ಹೇಳಿಕೊಟ್ಟಿತು. ಅದಕ್ಕೆ ಜನರ ಆಕ್ಷೇಪಣೆ ಕೇಳುವ ಗೋಜೇ ಇಲ್ಲ. 2025ರ ಮೇ 16ಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, ಆಗ ಸುಪ್ರೀಂ ಕೋರ್ಟಿನಲ್ಲಿದ್ದ ಅದೇ ಓಕಾ ಅವರೂ ಆ ಪೀಠದಲ್ಲಿ ಇದ್ದರು. ಆದರೆ ಅದೇ ವರ್ಷ ನವೆಂಬರ್ 18ಕ್ಕೆ ಮೂವರ ಪೀಠ, ಎರಡು ಒಂದರ ಬಹುಮತದಲ್ಲಿ, ಆ ತೀರ್ಪನ್ನೇ ಹಿಂದಕ್ಕೆ ಪಡೆಯಿತು. ಗೆಜೆಟ್‌ನ ಕರಡಿನ ಮೇಲೆ ಅಷ್ಟು ಕಣ್ಣಿಟ್ಟ ಗುಂಪುಗಳು ಜ್ಞಾಪನಗಳ ಮೇಲೂ ಅಷ್ಟೇ ಕಣ್ಣಿಡಬೇಕಿತ್ತು. ನನಗೆ ಇವರ ಬಗ್ಗೆ ದೂರಿರೋದು ಇಲ್ಲೇ, ಅವರು ಬೀದಿಗೆ ಬರಲಿಲ್ಲ ಅನ್ನೋದು ದೂರಲ್ಲ.

ಸುಮ್ನೆ ಸಂಖ್ಯೆ ಜಾಸ್ತಿ ಆದರೆ ಸಾಕಾ ಅಂತ ನೀವು ಕೇಳಬಹುದು. ಸಾಲದು. 2015ರ ಮಾರ್ಚ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 118 ಪುಟದ ಸಮಾಲೋಚನಾ ಪತ್ರ ಹೊರಡಿಸಿ 20 ಪ್ರಶ್ನೆ ಕೇಳಿತು. ಇಂಟರ್‌ನೆಟ್‌ನಲ್ಲಿ ಕೆಲವು ಸೇವೆಗೆ ಒಂದು ದರ, ಕೆಲವಕ್ಕೆ ಇನ್ನೊಂದು ದರ ಇಡಬಹುದಾ ಅನ್ನೋದು ಅದರೊಳಗಿನ ಮುಖ್ಯ ವಿಷಯ. ಸ್ವಯಂಸೇವಕರು ಆ 20 ಪ್ರಶ್ನೆಗೂ ಉತ್ತರ ಸಿದ್ಧ ಮಾಡಿಕೊಟ್ಟರು, ಹತ್ತು ಲಕ್ಷಕ್ಕೂ ಜಾಸ್ತಿ ಮೇಲ್ ಹೋದವು. ಅದೇ ವರ್ಷದ ಕೊನೆಗೆ ಟ್ರಾಯ್ ಮತ್ತೆ ನಾಲ್ಕು ಪ್ರಶ್ನೆ ಕೇಳಿತು. ಆಗ ಫೇಸ್‌ಬುಕ್ ಕಂಪನಿ ಕೆಲವು ತಾಣಗಳನ್ನಷ್ಟೇ ಉಚಿತವಾಗಿ ಕೊಡುವ ತನ್ನ ಫ್ರೀ ಬೇಸಿಕ್ಸ್ ಸೇವೆಯ ಪರವಾಗಿ ತನ್ನ ಬಳಕೆದಾರರಿಂದ ಲಕ್ಷಗಟ್ಟಲೆ ಸಿದ್ಧ ಸಂದೇಶ ಕಳಿಸಿತು. ನಾವು ಕೇಳಿದ ಪ್ರಶ್ನೆಗೆ ಇದರಲ್ಲಿ ಉತ್ತರವೇ ಇಲ್ಲವಲ್ಲ ಅಂತ ಟ್ರಾಯ್ ಅವರಿಗೆ ಬರೆದು ಹೇಳಿತು. 2016ರ ಫೆಬ್ರವರಿ 8ಕ್ಕೆ ಆದೇಶ ಬಂತು: ಬೇರೆ ಬೇರೆ ತಾಣಕ್ಕೆ ಬೇರೆ ಬೇರೆ ದರ ಇಡುವ ಹಾಗಿಲ್ಲ. ಎರಡೂ ಕಡೆ ಲಕ್ಷ ಲಕ್ಷ ಮೇಲ್ ಇದ್ದವು ನೋಡಿ. ಒಂದು ಕಡೆ ಕೇಳಿದ್ದಕ್ಕೆ ಉತ್ತರ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ನಾನು ಹೇಳಬೇಕು ಅಂತಿರೋದು ಇಷ್ಟೇ. ಸರ್ಕಾರ ಕಾನೂನು ಪ್ರಕಾರ ಕೇಳಿಸಿಕೊಳ್ಳಲೇಬೇಕಾದ ಜಾಗಗಳು ಕೆಲವಿವೆ. ಕರಡಿನ ಆಕ್ಷೇಪಣೆ, ಅಹವಾಲು ಸಭೆ, ಗ್ರಾಮಸಭೆ, ಕೋರ್ಟು. ಸಿಟ್ಟು ಅಲ್ಲಿಗೆ ಹೋಗಿ ಮುಟ್ಟಿದರೆ ಅದು ಕಡತದಲ್ಲಿ ಕೂರುತ್ತೆ, ನಾಳೆ ನ್ಯಾಯಾಧೀಶರು ಕಡತ ತೆಗೆಸಿದಾಗ ಸಿಗುತ್ತೆ. ಫೋನಿನಲ್ಲಿ ಸೇರಿದ ಗುಂಪು ಆ ದಾರಿ ತೋರಿಸುತ್ತೋ ಇಲ್ಲವೋ ಅಂತ ನಾನು ನೋಡುತ್ತೇನೆ.

ನಿಮ್ಮ ಕಡೆಯ ಹೋರಾಟವೂ ಹೀಗೇ ಇತ್ತು ಅಲ್ವಾ? ಮರ ಅಪ್ಪಿಕೊಂಡ ಆ ಅಪ್ಪಿಕೋ ಚಳವಳಿಗೂ ಮುಂಚೆ ಬೇಡ್ತಿ ನದಿಯ ವಿದ್ಯುತ್ ಯೋಜನೆ ಬಂದಾಗ, 1981ರಲ್ಲಿ ಶಿರಸಿಯಲ್ಲಿ ಅಡಿಕೆ ಬೆಳೆಗಾರರೂ ವಿಜ್ಞಾನಿಗಳೂ ಒಟ್ಟಿಗೆ ಕೂತು ಯೋಜನೆಯ ಲಾಭ ನಷ್ಟ ಲೆಕ್ಕ ಹಾಕಿದರು. ಮುಳುಗುವ ತೋಟ, ಕಾಡು ಇವಕ್ಕೆಲ್ಲ ಬೆಲೆ ಕಟ್ಟಿ, ಸರ್ಕಾರದ ಲೆಕ್ಕದ ಎದುರು ಇನ್ನೊಂದು ಲೆಕ್ಕ ಇಟ್ಟರು. ಯೋಜನೆ ನಿಂತಿತು. ಮರ ಅಪ್ಪಿಕೊಂಡದ್ದು ಎಲ್ಲರಿಗೂ ನೆನಪಿದೆ, ಈ ಕಾಗದದ ಕೆಲಸ ನೆನಪಿರೋರು ಕಡಿಮೆ.

ಬೀದಿ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಬೆಂಗಳೂರಿನಲ್ಲಿ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆ ಅಂದಾಗ, 812 ಮರ ಹೋಗುತ್ತೆ, 1,791 ಕೋಟಿ ಖರ್ಚು ಅಂತ ಗೊತ್ತಾದಾಗ, 'ಉಕ್ಕಿನ ಸೇತುವೆ ಬೇಡ' ಅನ್ನೋದು ಮೊದಲು ಓಡಾಡಿದ್ದು ಫೋನುಗಳಲ್ಲೇ. ಅಕ್ಟೋಬರ್ 16ರ ಭಾನುವಾರ ಅದೇ ಜನ ರಸ್ತೆ ಬದಿ ಕೈ ಕೈ ಹಿಡಿದು ಸಾವಿರಾರು ಸಂಖ್ಯೆಯಲ್ಲಿ ನಿಂತರು. ಆ ತಿಂಗಳೇ ಪರಿಸರದ ವ್ಯಾಜ್ಯ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಫೋನು, ಬೀದಿ, ಕೋರ್ಟು ಮೂರೂ ಸೇರಿದ್ದಕ್ಕೇ ಅದು ಆಯಿತು.

ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲಿದೆ, "ನೆಟ್ವರ್ಕ್ ಇಲ್ಲದವರ ಗತಿ ಏನು?" ಅಂತ. ಇದಕ್ಕೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ಹಾಲಕ್ಕಿ, ಸಿದ್ದಿ, ಕುಣಬಿ ಜನರ ಊರು ಮುಳುಗುವ ಪ್ರಶ್ನೆಗೆ ಬೆಂಗಳೂರಿನವರ ಮೇಲ್ ಜಾಸ್ತಿ ಹೋಗಿ, ಆ ಊರಿನವರ ಮಾತು ಹೋಗದೇ ಇದ್ದರೆ ಅದು ದೊಡ್ಡ ಅನ್ಯಾಯ. ಪೇಟೆಯ ಗುಂಪುಗಳು ಬರೆಯೋದಕ್ಕೆ ಮುಂಚೆ ಅಲ್ಲಿಗೆ ಹೋಗಬೇಕು, ಕೇಳಬೇಕು, ಅವರ ಮಾತನ್ನು ಅವರ ಹೆಸರಿನಲ್ಲೇ ಬರೆದು ಕಳಿಸಬೇಕು. ಹೆಬ್ಬೆಟ್ಟಿನ ಅರ್ಜಿಗೂ ಸಹಿಯಷ್ಟೇ ಬೆಲೆ ಇದೆ.

ಬೇಡ್ತಿ–ವರದಾ ನದಿ ಜೋಡಣೆ ವಿಚಾರಕ್ಕೆ ನಿಮ್ಮೂರ ಹುಡುಗರು ವಾಟ್ಸಾಪ್ ಗುಂಪು ಮಾಡಿದ್ದಾರೆ, ದಿನವಿಡೀ ಬರೀ ಚರ್ಚೆ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಒಂದು ಕೆಲಸ ಮಾಡಿ. ಆ ಗುಂಪಿಗೆ ನೀವೂ ಸೇರಿಕೊಳ್ಳಿ. ಯೋಜನೆ ವರದಿ ತರಿಸಿದ್ದಾರಾ, ಮುಳುಗಡೆ, ನೀರಿನ ಲೆಕ್ಕ ಯಾರಾದರೂ ಓದಿದ್ದಾರಾ ಅಂತ ಕೇಳಿ. ಇಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋದು ಹೇಗೆ ಅಂತ ಹೇಳಿಕೊಡಿ, ಹತ್ತು ರೂಪಾಯಿಯ ಕೆಲಸ. ಕೇಂದ್ರ ಸರ್ಕಾರ ಯಾವುದೇ ಕಾನೂನು ಮಾಡುವ ಮುಂಚೆ ಕರಡನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು ಅಂತ 2014ರಲ್ಲೇ ತೀರ್ಮಾನ ಆಗಿದೆ, ಅದನ್ನೂ ಹೇಳಿ. ಬೈದ ಹುಡುಗನನ್ನು ಗುಂಪಿನಿಂದ ತೆಗೆಸಬೇಡಿ, ಅವನಿಗೇ ಮೊದಲ ಅರ್ಜಿ ಬರೆಯಲು ಕೊಡಿ. ಸಿಟ್ಟಿದ್ದವನು ಗಡುವು ಮರೆಯುವುದಿಲ್ಲ.

ಮತ್ತೆ ನನ್ನದೊಂದು ಕೋರಿಕೆ. 1981ರಲ್ಲಿ ಆ ಲೆಕ್ಕವನ್ನು ಯಾರು ಯಾರು ಕೂತು ಮಾಡಿದರು, ಇಂಗ್ಲಿಷಿನಲ್ಲಿದ್ದದ್ದನ್ನು ಹಳ್ಳಿಗಳಿಗೆ ಹೇಗೆ ಮುಟ್ಟಿಸಿದಿರಿ, ನೀವು ಕಂಡದ್ದು, ನೆನಪಿದ್ದಷ್ಟು ಬರೆದು ಕಳಿಸಿ. ಮೂರು ನಾಲ್ಕು ಪುಟ ಆದರೂ ಪರವಾಗಿಲ್ಲ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಕೈಬರಹದಲ್ಲೇ ಇರಲಿ, ನಾವು ಟೈಪ್ ಮಾಡಿಕೊಳ್ಳುತ್ತೇವೆ.

— ಸಂಪಾದಕ